ಅತ್ತೆಗೆ ಬೇರೆ ಪೆಟ್ಟಿಗೆ

ವಾಯರುಗಳಿಗೆ ನೆಂಟಸ್ತಿಕೆಯ ಹೆಸರಿಟ್ಟು ಕರೆಯುವ ಚಾಳಿಯೇ ಮಾದೇವನ ಆ ದಿನದ ಫಜೀತಿಗೆ ಮೂಲ. ಅಂಕೋಲೆಯ ಈ ವಾಯರಿಂಗ್ ಮೇಸ್ತ್ರಿಗೆ ಗುರು ಕಲಿಸಿದ್ದೇ ಹಾಗೆ. ಕರೆಗಂಟೆ, ಫೋನು, ಕ್ಯಾಮರಾದ ವಾಯರುಗಳು ಅಕ್ಕತಂಗಿಯರು, ಒಂದೇ ಪೆಟ್ಟಿಗೆಯಲ್ಲಿ ಹೊಂದಿಕೊಂಡಿರುತ್ತವೆ. ಬೆಂಕಿ ಬಿದ್ದರೆ ಕೂಗುವ ಅಲಾರಂ ವಾಯರು ಮಾತ್ರ ಅತ್ತೆ. ಅದರ ಪೆಟ್ಟಿಗೆಯೊಳಗೆ ಮತ್ತೊಬ್ಬರು ಕಾಲಿಡಬಾರದು. ಪಾಠವೇನೋ ನೆನಪಿತ್ತು. ಆದರೂ ಬೇಲೆಕೇರಿಯ ಹೊಸ ಸಭಾಭವನದಲ್ಲಿ ಮಾದೇವ ಅತ್ತೆಯನ್ನೂ ಅಕ್ಕತಂಗಿಯರನ್ನೂ ಒಂದೇ ಪೆಟ್ಟಿಗೆಗೆ ತುರುಕಿ ಮುಚ್ಚಳ ಬಿಗಿದಿದ್ದ. ಸೋಮಾರಿತನ, ಮತ್ತೇನಲ್ಲ.

ಬೆಳಿಗ್ಗೆ ಗುತ್ತಿಗೆದಾರ ರೋಹಿತನ ಫೋನು ಬಂತು. ಮಧ್ಯಾಹ್ನ ಕಾರವಾರದಿಂದ ಸುನೀತಾ ಮೇಡಂ ವಾಯರಿಂಗ್ ತಪಾಸಣೆಗೆ ಬರುತ್ತಾರೆ, ಕೆಲಸ ಪಾಸಾಗದಿದ್ದರೆ ಮಾದೇವನ ಲೈಸೆನ್ಸು ಹೋದಂತೆಯೇ.

ಮಾದೇವ ಜಗಲಿಯಲ್ಲಿ ನಿಂತು ಫೋನಿಗೆ ಕೂಗಿದ: “ಹೆದರ್ಬೇಡಿ ಸಾಹೇಬ್ರೆ! ಅತ್ತೆನ ಈಗ್ಲೇ ಹೊರಗೆ ಎಳೀತೆ. ಉದ್ದ ಆದ್ರೆ ಕತ್ತರಿಸ್ತೆ. ಊಟದೊಳಗೆ ಬೇರೆ ಪೆಟ್ಟಿಗೆಗೆ ತುಂಬಿ ಮುಚ್ಚಳ ಹಾಕ್ತೆ!”

ಬೇಲಿಯಾಚೆ ಮೀನಿನ ಬುಟ್ಟಿ ಎತ್ತಲು ಬಗ್ಗಿದ್ದ ಶಂಕರಿ ಬಗ್ಗಿದಲ್ಲೇ ಉಳಿದಳು. ಅವಳಿಗೆ ಗೊತ್ತಿದ್ದ ಪೆಟ್ಟಿಗೆ ಒಂದೇ, ಐಸು ಹಾಕಿ ಬಂಗಡೆ ತುಂಬುವುದು. ಮಾದೇವನ ಬೈಕು ತಿರುವು ದಾಟುವಷ್ಟರಲ್ಲಿ ಅವಳು ಅವನ ಹೆಂಡತಿ ಉಮಾಳ ಅಡುಗೆಮನೆಯಲ್ಲಿದ್ದಳು.

“ಏ ಉಮಾ, ನಿನ್ನ ಅವ್ವ ಜೀವಂತ ಇದ್ದಾಳೆ ಅಲ್ದಾ?”

ಅವ್ವ ಹೊನ್ನಮ್ಮ ಮೂಲೆಯಲ್ಲಿ ಕೂತು ಎರಡನೇ ಲೋಟ ಚಾ ಕುಡಿಯುತ್ತಿದ್ದಳು. ಮಗಳ ಮನೆಗೆ ಎಂಟು ದಿನಕ್ಕೆಂದು ಬಂದವಳಿಗೆ ಎಂಟು ತಿಂಗಳಾಗಿತ್ತು. ಸುದ್ದಿ ಕೇಳಿ ಅವಳೇನೂ ಹೆದರಲಿಲ್ಲ, ಉರಿದೆದ್ದಳು.

“ಬಂಗಡೆ ಪೆಟ್ಟಿಗೆಗೆ ಹಿಡೂ ಮೈಯೇನೇ ನಂದು? ರಿಕ್ಷಾ ಕರಿ!”

ಬೇಲೆಕೇರಿಯಲ್ಲಿ ಮಾದೇವ ಏಣಿಯ ಮೇಲಿದ್ದ. ಅತ್ತೆಯನ್ನು ಹೊಸ ಕೆಂಪು ಪೆಟ್ಟಿಗೆಗೆ ಎಳೆದು, ಹೆಚ್ಚಾದ ತುದಿ ಕತ್ತರಿಸುವಾಗ ಏಣಿ ಅಲುಗಾಡಿತು. ಕೆಳಗೆ ಉಮಾಳ ತಮ್ಮ ಕುಮಾರ. ಅಕ್ಕನ ಫೋನು ಅರ್ಧ ಕೇಳಿಯೇ ಓಡಿ ಬಂದಿದ್ದ.

“ಇಳಿ ಬಾವ! ನಮ್ಮವ್ವನ್ನ ಎಂತ ಮಾಡ್ದೆ?”

“ಏಣಿ ಬಿಡಾ ಮಾರಾಯಾ, ಕೈಯಲ್ಲಿ ಅತ್ತೆ ಇದ್ದಾಳೆ!”

ಕುಮಾರ ತಲೆ ಎತ್ತಿ ನೋಡಿದ. ಬಾವನ ಕೈಯಲ್ಲಿ ಕಂಡದ್ದು ಕಟಿಂಗ್ ಪ್ಲೇಯರ್ ಒಂದೇ. “ಅಯ್ಯಯ್ಯೋ, ಕತ್ತರಿಸೇ ಬಿಟ್ಟ!” ಎಂದು ಬೊಬ್ಬೆ ಹೊಡೆದ. ಬಲೆ ಹೊಲಿಯುತ್ತಿದ್ದವರೆಲ್ಲ ಓಡಿ ಬಂದರು. ಅವರ ಹಿಂದೆಯೇ ರಿಕ್ಷಾ ಬಂತು, ಹೊನ್ನಮ್ಮ ಸೆರಗು ಸಿಕ್ಕಿಸಿಕೊಂಡು ಇಳಿದಳು. ಸತ್ತ ಅವ್ವ ಎದ್ದು ಬಂದದ್ದು ಕಂಡು ಕುಮಾರನಿಗೆ ಯಾಕೋ ಪೆಚ್ಚಾಯಿತು.

“ಅತ್ತೆ ಅಂದ್ರೆ ನೀವಲ್ಲ ಅತ್ತೆ!” ಮಾದೇವ ಏಣಿಯಿಂದಲೇ ಕೈ ಮುಗಿದ. “ಬೆಂಕಿ ಬಿದ್ರೆ ಬಾಯಿ ಮಾಡೂ ವಾಯರು!”

“ಓಹೋ, ನಾ ಬಾಯಿ ಮಾಡೂದು ಅಷ್ಟು ಜೋರನಾ?”

ಅಷ್ಟರಲ್ಲಿ ಸುನೀತಾ ಮೇಡಂ ಅವರ ಜೀಪು ಬಂದು ನಿಂತಿತು. ಮಾದೇವ ಕಡೆಯ ಸ್ಕ್ರೂ ತಿರುಗಿಸಿ ಇಳಿದ. ಮೇಡಂ ಪೆಟ್ಟಿಗೆಗಳನ್ನು ತೆಗೆಸಿ ನೋಡಿ, ಅಲಾರಂ ಗುಂಡಿ ಒತ್ತಿದರು. ಅದು ಕೂಗಿದ ರಭಸಕ್ಕೆ ನಾಯಿಗಳು ಬಂದರಿನ ಕಡೆ ಓಡಿದವು.

ಹೊನ್ನಮ್ಮ ಮುಂದೆ ಬಂದಳು. “ಮೇಡಮ್ಮಾ, ನೀವೇ ಹೇಳಿ. ಇದಕ್ಕೆ ಅತ್ತೆ ಅಂತ ಕರೀತ್ರಾ?”

ಮೇಡಂ ನಕ್ಕರು. “ನಮ್ಮ ಮೇಸ್ತ್ರಿಗಳು ಕರೆಯೋದೇ ಹಾಗೆ. ಎಲ್ಲರ ಜೀವ ಕಾಯೋಳು ಇವಳೇ. ಅದಕ್ಕೇ ಇವಳಿಗೆ ಬೇರೆ ಪೆಟ್ಟಿಗೆ. ಒಳಗೆ ಇನ್ಯಾರೂ ಇರೋ ಹಾಗಿಲ್ಲ. ನಿಯಮ.” ಹಾಗೆಂದು ಕಾಗದಕ್ಕೆ ಸಹಿ ಹಾಕಿದರು. ಲೈಸೆನ್ಸು ಉಳಿಯಿತು! ಮಾದೇವನಿಗೆ ಕುಣಿಯುವಷ್ಟು ಖುಷಿಯಾಯಿತು.

ಹೊನ್ನಮ್ಮನ ಸಿಟ್ಟೂ ಇಳಿದಿತ್ತು. ಅವಳು ಏನನ್ನೋ ಯೋಚಿಸುತ್ತಿದ್ದಳು.

“ಹಾಂಗಾರೆ ನಂಗೆ ಅಡುಗೆಮನೆ ಮೂಲೆ ಎಂತಕ್ಕೆ ಮಾದೇವಾ? ಫ್ಯಾನಿದ್ದ ಕೋಣೆ ಇವತ್ತಿಂದ ನಂದು. ಒಬ್ಬಳದ್ದೇ. ಉಮಾನೂ ಮಕ್ಕಳೂ ನಡುಮನೇಲಿ ಹೊಂದ್ಕಂಡು ಇರ್ಲಿ.”

“ಮತ್ತೆ ನಾನು?” ಎಂದ ಮಾದೇವ.

ಹೊನ್ನಮ್ಮ ಜೀಪಿನ ಕಡೆ ತಿರುಗಿದಳು. “ಮೇಡಮ್ಮಾ, ಅಳಿಯ ಅನ್ನೂ ವಾಯರು ಇದ್ಯಾ?”

“ಇದೆಯಲ್ಲ, ಅರ್ಥಿಂಗ್!” ಮೇಡಂ ಜೀಪು ಹತ್ತುತ್ತ ಹೇಳಿದರು. “ಮನೆಯವರ ಶಾಕೆಲ್ಲ ಅದೇ ತಗೊಳ್ಳುತ್ತೆ. ಅದರ ಜಾಗ ಹೊರಗೆ, ಅಂಗಳದ ಮಣ್ಣಲ್ಲಿ. ಆಗಾಗ ಒಂದು ಕೊಡ ನೀರು ಕೊಟ್ಟರೆ ಸಾಕು.”

ಮಾದೇವ ಮನೆ ಮುಟ್ಟಿದಾಗ ಅವನ ಚಾಪೆ ಅಂಗಳದಲ್ಲಿತ್ತು. ಪಕ್ಕದಲ್ಲಿ ಒಂದು ಕೊಡ ನೀರೂ ಇತ್ತು.