ವ್ಯಾನು ಹಲ್ಲು ಕಡಿದ ಭಾನುವಾರ

"ಗೇರಿಗೆ ಹಲ್ಲಿದೆಯೋ ಇಲ್ಲವೋ, ಅಷ್ಟು ಹೇಳು ಸಾಕು!"

ಭಾನುವಾರ ಬೆಳಗ್ಗೆ ಕಾಫಿ ಲೋಟವನ್ನು ಟಕ್ಕೆಂದು ಮೇಜಿನ ಮೇಲಿಟ್ಟು ಡಾಕ್ಟರು ಹೆಂಡತಿಗೆ ಸವಾಲು ಹಾಕಿದರು. ಡಾಕ್ಟರು ಅಂದರೆ ಹಲ್ಲಿನ ಡಾಕ್ಟರು. ಊರಿನ ಅರ್ಧ ಜನ ಇವರ ಮುಂದೆ ಬಾಯಿ ತೆರೆದವರು. ಉಳಿದರ್ಧ ಜನ ಇವರನ್ನು ಕಂಡರೆ ಬಾಯಿ ಮುಚ್ಚಿಕೊಂಡು ರಸ್ತೆಯ ಆ ಬದಿಗೆ ದಾಟುವವರು.

"ಇದೆ," ಅಂದರು ಹೆಂಡತಿ. ಅವರು ಹೈಸ್ಕೂಲಿನ ಡ್ರಿಲ್ ಟೀಚರ್. ಊರಿಗೆಲ್ಲ ಡ್ರಿಲ್ ಮೇಡಂ. ಪ್ರಶ್ನೆ ಎಷ್ಟೇ ಉದ್ದವಿರಲಿ, ಅವರ ಉತ್ತರ ಮಾತ್ರ ಗಿಡ್ಡ.

"ನಮ್ಮ ವ್ಯಾನಿಗೆ ಗೇರು ಹಾಕುವಾಗ ಕರಕರ ಅನ್ನುತ್ತೋ ಇಲ್ಲವೋ?"

"ಅನ್ನುತ್ತೆ."

"ಅದಕ್ಕೆ ಏನಂತಾರೆ? ಹಲ್ಲು ಕಡಿಯೋದು ಅಂತಾರೆ! ಹಲ್ಲು ಕಡಿಯೋದು ಯಾರ ಇಲಾಖೆ? ನನ್ನದು! ಇಷ್ಟಕ್ಕೆಲ್ಲ ಮೆಕ್ಯಾನಿಕ್ ಯಾಕೆ? ಮಧ್ಯಾಹ್ನದೊಳಗೆ ಗೇರು ಹೂವಿನ ಹಾಗೆ ಬೀಳದಿದ್ದರೆ ನನ್ನ ಕ್ಲಿನಿಕ್ಕಿನ ಬೋರ್ಡು ಇಳಿಸಿಬಿಡ್ತೀನಿ!"

"ಬೋರ್ಡು ಆಮೇಲೆ ಇಳಿಸೋಣ. ಸಂಜೆ ಅಪ್ಪನ್ನ ರೈಲಿಂದ ಇಳಿಸ್ಬೇಕು," ಅಂದರು ಮೇಡಂ.

ವಿಷಯ ಗಂಭೀರವಾಗಿದ್ದದ್ದೇ ಇಲ್ಲಿ. ಆ ನೀಲಿ ವ್ಯಾನು ಮೇಡಂ ಅವರ ಅಮ್ಮನದು. ಆಕೆ ನರ್ಸ್. ಅದೇ ವ್ಯಾನಿನಲ್ಲಿ ಸಿಕ್ಕಸಿಕ್ಕ ರಸ್ತೆಯಲ್ಲೆಲ್ಲ ಓಡಾಡಿ ಸುತ್ತಮುತ್ತಲ ಮನೆಗಳ ಹೆರಿಗೆ ಮಾಡಿಸಿದವರು. ಅವರು ತೀರಿಕೊಂಡ ಮೇಲೆ ಮಾವ ಕೀಲಿಕೈಯನ್ನು ಮಗಳ ಕೈಗಿಟ್ಟು, "ಮಾರಬೇಡಮ್ಮ, ಓಡಿಸ್ತಾ ಇರು," ಎಂದಿದ್ದರು. ಮಾವನಿಗೆ ಸ್ವತಃ ಡ್ರೈವಿಂಗ್ ಬಾರದು. ಮಗಳ ಮನೆಗೆ ಬಂದಾಗಲೆಲ್ಲ ಹಿಂದಿನ ಸೀಟಿನಲ್ಲಿ ಕಿಟಕಿ ಪಕ್ಕ ಕೂತು ಊರು ಸುತ್ತಿ ಬರುವರು. ಸುತ್ತುವಾಗ ಒಂದು ಮಾತೂ ಆಡುವುದಿಲ್ಲ. ಇಳಿಯುವಾಗ ಮಾತ್ರ ಬಾಗಿಲನ್ನು ಮೆಲ್ಲಗೆ, ಒಳಗೆ ಯಾರೋ ಮಲಗಿದ್ದಾರೇನೋ ಅನ್ನುವ ಹಾಗೆ, ಮುಚ್ಚುವರು.

"ಟ್ಯಾಕ್ಸಿ ಮಾಡ್ಕೊಂಡು ಹೋದ್ರಾಯ್ತು," ಎಂದು ಡಾಕ್ಟರು ಹಿಂದಿನ ದಿನ ಹೇಳಿ ನೋಡಿದ್ದರು.

"ಸ್ಟೇಷನ್ನಿಂದ ಹೊರಗೆ ಬಂದು ಅಪ್ಪ ಮೊದಲು ಹುಡುಕೋದು ನನ್ನ ಮುಖ ಅಲ್ಲ ರೀ, ವ್ಯಾನಿನ ಮುಖ. ಮೆಕ್ಯಾನಿಕ್‌ನ ಕರೀತೀನಿ."

ಅಷ್ಟಂದದ್ದೇ ತಡ, ಡಾಕ್ಟರ ಆತ್ಮಾಭಿಮಾನ ಜಾಗೃತವಾಯಿತು. ಅದು ಜಾಗೃತವಾದಾಗಲೆಲ್ಲ ಮನೆಯಲ್ಲಿ ಏನಾದರೊಂದು ಮುರಿಯುವುದು ವಾಡಿಕೆ.

ಕಾಫಿ ಮುಗಿಸಿ ಹಳೆಯ ಕೋಟು ತೊಟ್ಟು, ಕ್ಲಿನಿಕ್ಕಿನಿಂದ ಪುಟ್ಟ ಕನ್ನಡಿ, ತೆಳು ಪೈಪು, ಸಿರಿಂಜು, ಟಾರ್ಚು ತಂದು ಡಾಕ್ಟರು ವ್ಯಾನಿನ ಮುಂದೆ ನಿಂತರು. ಬಾನೆಟ್ ಎತ್ತುವಾಗ ಅಭ್ಯಾಸಬಲದಿಂದ "ಸ್ವಲ್ಪ ದೊಡ್ಡದಾಗಿ ತೆರೀರಿ" ಎಂಬ ಮಾತೂ ಬಾಯಿಂದ ಬಂತು.

ಮೇಡಂ ಡ್ರೈವರ್ ಸೀಟಿನಲ್ಲಿ ಕೂತು ಕ್ಲಚ್ ಒತ್ತಿದರು. ಅದು ನೆಲಕ್ಕೆ ಹೋಗಿ ಅಲ್ಲೇ ಮಲಗಿತು.

"ಬೇಗ ಬೇಗ ಒತ್ತಿ ನೋಡು."

ಪಟಪಟ ಒತ್ತಿದಾಗ ಪೆಡಲ್ ಸ್ವಲ್ಪ ಬಿಗಿಯಾಯಿತು. ಗೇರೂ ಸದ್ದಿಲ್ಲದೆ ಬಿತ್ತು. ಡಾಕ್ಟರು ಚಪ್ಪಾಳೆ ತಟ್ಟಿದರು. "ಸಿಕ್ಕಿತು! ಗಾಳಿ! ನೋಡು, ನೀನು ಪೆಡಲ್ ಒತ್ತಿದರೆ ಎಣ್ಣೆ ಪೈಪಿನಲ್ಲಿ ಹೋಗಿ ಆ ಕಡೆ ಗೇರ್‌ಬಾಕ್ಸ್ ಹತ್ತಿರ ಇರೋ ಪಿಸ್ಟನ್ ತಳ್ಳಬೇಕು. ಎಣ್ಣೆ ಮಧ್ಯೆ ಗಾಳಿ ಸೇರಿಕೊಂಡಿದೆ. ನಿನ್ನ ಶಕ್ತಿಯೆಲ್ಲ ಗಾಳಿ ಹಿಸುಕೋದಕ್ಕೇ ಖರ್ಚಾಗ್ತಿದೆ. ಗಾಳಿ ತೆಗೆದು ಎಣ್ಣೆ ತುಂಬಿಸಿದರೆ ಮುಗೀತು."

"ಯಾವ ಎಣ್ಣೆ?"

"ಬ್ರೇಕ್ ಆಯಿಲ್."

"ಕ್ಲಚ್ಚಿಗೆ ಬ್ರೇಕ್ ಆಯಿಲ್ಲಾ? ಹಾಗಾದ್ರೆ ಬ್ರೇಕಿಗೆ ಏನು ಹಾಕ್ತಾರೆ, ಕ್ಲಚ್ ಆಯಿಲ್ಲಾ?"

"ತಮಾಷೆ ಬೇಡ ಕಣೇ!" ಎಂದು ಡಾಕ್ಟರು ತಿರುಗುವಷ್ಟರಲ್ಲಿ ಮೊಣಕೈ ತಾಗಿ, ಪಕ್ಕದಲ್ಲಿಟ್ಟಿದ್ದ ಆ ಎಣ್ಣೆಯ ಬಾಟಲಿ ಮಗುಚಿತು. ಬ್ರೇಕ್ ಆಯಿಲ್ ಬಣ್ಣಕ್ಕೆ ಆಗಿಬರುವುದಿಲ್ಲ ಎನ್ನುವುದು ಡಾಕ್ಟರಿಗೆ ಗೊತ್ತಾದದ್ದು, ಬಾನೆಟ್ಟಿನ ಅಂಚಿನ ನೀಲಿ ಬಣ್ಣ ಮೊಡವೆ ಎದ್ದ ಹಾಗೆ ಉಬ್ಬಿ, ಒರೆಸಿದ ಬಟ್ಟೆಯ ಜೊತೆಗೇ ಎದ್ದು ಬಂದಾಗ. ಗಾಬರಿಯಲ್ಲಿ ಬೆವರಿದ ಕನ್ನಡಕವನ್ನೂ ಅದೇ ಬಟ್ಟೆಯಲ್ಲಿ ಒರೆಸಿಕೊಂಡರು. ಅಂದಿನಿಂದ, ಅಂದರೆ ಆ ಕ್ಷಣದಿಂದ, ಅವರಿಗೆ ಜಗತ್ತು ಮಸುಕು.

ಆದರೂ ಎದೆಗುಂದದೆ ವ್ಯಾನಿನ ಕೆಳಗೆ ನುಸುಳಿದರು. ಗೇರ್‌ಬಾಕ್ಸಿನ ಪಕ್ಕ ಗಾಳಿ ಬಿಡುವ ಒಂದು ಸಣ್ಣ ತಿರುಪು ಇತ್ತು. ಅದಕ್ಕೆ ಪೈಪು ಸಿಕ್ಕಿಸಿ, ಪೈಪಿನ ತುದಿಯನ್ನು ಖಾಲಿ ಜಾಡಿಗೆ ಇಳಿಬಿಟ್ಟರು. ಕ್ರಮ ಸರಳ. ಮೇಲಿನವರು ಒತ್ತಿ ಹಿಡಿಯಬೇಕು, ಕೆಳಗಿನವರು ತಿರುಪು ತೆರೆದು ಗಾಳಿ ಹೊರಬಿಟ್ಟು ಮುಚ್ಚಬೇಕು, ಮುಚ್ಚಿದ ಮೇಲೆಯೇ ಮೇಲಿನವರು ಕಾಲು ಬಿಡಬೇಕು.

"ಒತ್ತು!"

"ಒತ್ತಿದೆ!"

"ಹಿಡಿ!"

"ಹಿಡಿದೆ!"

ತಿರುಪು ಸಡಿಲಿಸಿದ ಕೂಡಲೇ ಪೈಪಿನಲ್ಲಿ ಗುಳುಗುಳು ಗುಳ್ಳೆ ಬಂತು. "ಬಂತು ಕಣೇ ಗಾಳಿ! ಬಂತು!"

"ರೀ, ನನ್ನ ಶೂ ಒದ್ದೆ ಆಗ್ತಿದೆ."

"ಅದಿರಲಿ ಬಿಡು!"

ಮೇಡಂ ಬಿಟ್ಟರು.

ತಿರುಪು ಇನ್ನೂ ತೆರೆದೇ ಇತ್ತು. ಪೆಡಲ್ ಮೇಲೆ ಬರುತ್ತ, ಹೊರಗೆ ಹೋಗಿದ್ದ ಗಾಳಿಯನ್ನು ಅದರ ನೆಂಟರಿಷ್ಟರ ಸಮೇತ ಸುರ್ರೆಂದು ಒಳಗೆಳೆದುಕೊಂಡಿತು.

"ಅಯ್ಯಯ್ಯೋ! ಯಾಕೆ ಬಿಟ್ಟೆ?"

"ನೀವೇ ಬಿಡು ಅಂದ್ರಿ."

"ಅದು ಆ ಬಿಡು ಅಲ್ಲ! ಸುಮ್ಮನೆ ಮಾತಿಗೆ ಅಂದ ಬಿಡು!"

"ಆರ್ಡರ್ ಅಂದ್ರೆ ಆರ್ಡರ್. ಮಾತಿನ ಬಿಡು ಯಾವುದು, ಕೆಲಸದ ಬಿಡು ಯಾವುದು ಅಂತ ನನ್ನ ಕಾಲಿಗೆ ಹೇಗೆ ಗೊತ್ತಾಗ್ಬೇಕು?"

ಮದುವೆಯಾದಾಗಿನಿಂದ ಡಾಕ್ಟರು ಹೇಳಿದ ಯಾವ ಮಾತನ್ನೂ ಮರುಪ್ರಶ್ನೆಯಿಲ್ಲದೆ ಪಾಲಿಸದ ಹೆಂಡತಿ, ಪಾಲಿಸಬಾರದ ದಿನವೇ ಚಾಚೂ ತಪ್ಪದೆ ಪಾಲಿಸುತ್ತಿದ್ದರು!

ಮತ್ತೆ ಮೊದಲಿನಿಂದ ಶುರು. ಒತ್ತು, ಹಿಡಿ! ಇನ್ನೇನು ಗುಳ್ಳೆ ಬರಬೇಕು, ಕಾಂಪೌಂಡಿನ ಮೇಲೆ ಪಕ್ಕದ ಮನೆ ಲಾಯರ ತಲೆ ಮೂಡಿತು.

"ಡಾಕ್ಟ್ರೇ, ಭಾನುವಾರಾನೂ ಹಲ್ಲು ಕೀಳ್ತಿದೀರಾ? ಒತ್ತು, ಹಿಡಿ ಅಂತ ಕೂಗ್ತೀರಲ್ಲ, ಪಾಪ, ಮರಗಟ್ಟೋ ಇಂಜೆಕ್ಷನ್ ಆದ್ರೂ ಕೊಡಬಾರದಾ?"

"ಇದು ಹಲ್ಲಲ್ಲ ಸಾರ್, ಕ್ಲಚ್ಚು! ನಮ್ಮ ಪಾಡಿಗೆ ನಮ್ಮನ್ನ ಬಿಡಿ!"

ಸುರ್ರ್!

"ಈಗ ಯಾಕೆ ಬಿಟ್ಟೆ?" ಡಾಕ್ಟರ ದನಿಯಲ್ಲಿ ಅಳುವೇ ಇತ್ತು.

"ಬಿಡಿ ಅಂದ್ರಲ್ಲ. ನನಗೂ ಒಂದು ದಿನ ಬಹುವಚನ ಸಿಕ್ಕಿತು ಅಂತ ಖುಷಿಯಾಗಿ ಬಿಟ್ಟೆ."

ಕೊನೆಗೆ ಮೇಡಂ ಕೊರಳಿನ ಸೀಟಿಯನ್ನು ತೆಗೆದು ವ್ಯಾನಿನ ಕೆಳಗೆ ಚಾಚಿದರು. "ಬಾಯಲ್ಲಿ ಇಟ್ಕೊಳ್ಳಿ. ಒಂದು ಸಲ ಊದಿದ್ರೆ ಒತ್ತೋದು. ಎರಡು ಸಲ ಊದಿದ್ರೆ ಬಿಡೋದು. ಮಾತು ಬಂದ್."

ಇಷ್ಟು ವರ್ಷ ಕಂಡವರ ಬಾಯಲ್ಲಿ ಏನೇನೋ ತುರುಕಿ, ಎದುರುತ್ತರ ಕೊಡಲಾಗದಂತೆ ಮಾಡಿ, ತಾವೊಬ್ಬರೇ ಹವಾಮಾನದಿಂದ ರಾಜಕೀಯದವರೆಗೆ ಭಾಷಣ ಬಿಗಿಯುತ್ತಿದ್ದ ಡಾಕ್ಟರಿಗೆ ಆ ಅನುಭವ ಹೇಗಿರುತ್ತದೆಂದು ಅವತ್ತು ತಿಳಿಯಿತು. ಕೆಲಸ ಮಾತ್ರ ಗಡಿಯಾರದ ಹಾಗೆ ಸಾಗಿತು. ಗುಳ್ಳೆ ಕಡಿಮೆಯಾಗುತ್ತ ಬಂದು, ಕೊನೆಗೆ ಬರೀ ಎಣ್ಣೆ ಬಂತು. ಪೆಡಲ್ ಗಟ್ಟಿಯಾಯಿತು! ಮೇಡಂ ಒತ್ತಿ ಹಿಡಿದರು. ಡಾಕ್ಟರು ಕೆಳಗಿನಿಂದ ಹೊರಬಂದು, ಮುಖವೆಲ್ಲ ಮಸಿಯಾಗಿ, ವಿಜಯದ ನಗೆ ನಕ್ಕರು.

ಒತ್ತಿ ಹಿಡಿದ ಪೆಡಲ್ ಮೆಲ್ಲಮೆಲ್ಲಗೆ ತಾನಾಗಿಯೇ ನೆಲಕ್ಕಿಳಿಯಿತು.

"ಪೀ?" ಅಂದರು ಡಾಕ್ಟರು. ಸೀಟಿ ಇನ್ನೂ ಬಾಯಲ್ಲೇ ಇತ್ತು.

"ಹಾಗೇ ಇಟ್ಕೊಂಡಿರಿ," ಅಂದರು ಮೇಡಂ. "ಬೆಳಗ್ಗೆಯಿಂದ ಒಂದೇ ಮಾತು ಹೇಳ್ತಿದೀನಿ. ನನ್ನ ಶೂ ಒದ್ದೆ."

ಎಡಗಾಲನ್ನು ಹೊರಚಾಚಿದರು. ಬೆಳ್ಳಗಿದ್ದ ಕ್ಯಾನ್ವಾಸ್ ಶೂ ಎಣ್ಣೆ ಕುಡಿದು ಕಂದಾಗಿತ್ತು. ಡಾಕ್ಟರು ಟಾರ್ಚು ಹಾಕಿ ಪೆಡಲಿನ ಮೇಲ್ಗಡೆ ನೋಡಿದರು. ಪೆಡಲ್ ಒತ್ತಿದಾಗ ಎಣ್ಣೆಯನ್ನು ಪೈಪಿಗೆ ತಳ್ಳುವ ಮೇಲಿನ ಸಿಲಿಂಡರಿನ ರಬ್ಬರು ಸವೆದು ಹೋಗಿ, ಎಣ್ಣೆ ಪೆಡಲಿನ ಸರಳಿನ ಗುಂಟ ತೊಟ್ಟುತೊಟ್ಟಾಗಿ ಇಳಿದು ಮೇಡಂ ಪಾದ ಸೇರುತ್ತಿತ್ತು. ಗಾಳಿ ಒಳಗೆ ಹೋಗುತ್ತಿದ್ದದ್ದೂ ಅಲ್ಲಿಂದಲೇ. ಡಾಕ್ಟರು ಇಡೀ ದಿನ ವ್ಯಾನಿನ ಹೊಟ್ಟೆಯ ಕೆಳಗೆ ಕನ್ನಡಿ ಹಿಡಿದು ಹುಡುಕಿದ ರೋಗ, ವ್ಯಾನಿನ ಒಳಗೆ ಹೆಂಡತಿಯ ಪಾದದ ಮೇಲೆ ಕೂತಿತ್ತು!

ಸೀಟಿ ತೆಗೆದು, "ಮೊದಲೇ ಹೇಳೋದಲ್ವಾ?" ಅಂದರು. ಹೇಳಿದ ಮೇಲೆ ಆ ಮಾತನ್ನು ವಾಪಸು ನುಂಗಲು ನೋಡಿದರು. ಆಗಲಿಲ್ಲ.

"ರೈಲಿಗೆ ಹೊತ್ತಾಯ್ತು," ಅಂದರು ಮೇಡಂ. "ಹತ್ತಿ. ಕ್ಲಚ್ ಇಲ್ಲದೇ ಹೋಗೋಣ."

"ಕ್ಲಚ್ ಇಲ್ಲದೇನಾ?"

"ಅಮ್ಮ ಕಲಿಸಿದ್ದಾಳೆ. ಕ್ಲಚ್ ಸರಿಹೋಗಲಿ ಅಂತ ಯಾವ ಮಗೂನೂ ಕಾಯಲ್ಲ ಅಂತಿದ್ದಳು. ಆದ್ರೆ ಒಂದು ಸಲ ಹೊರಟ್ರೆ ನಿಲ್ಲಿಸೋ ಹಾಗಿಲ್ಲ. ನಿಲ್ಲಿಸಿದ್ರೆ ಇಂಜಿನ್ ಆಫ್ ಮಾಡಿ ಗೇರಲ್ಲೇ ಸ್ಟಾರ್ಟ್ ಮಾಡ್ಬೇಕು. ಈ ಬ್ಯಾಟರಿಗೆ ಅಷ್ಟು ತಾಕತ್ತಿಲ್ಲ."

ಮನೆ ಮುಂದಿನ ಇಳಿಜಾರಿನಲ್ಲಿ ಲಾಯರೂ ಡಾಕ್ಟರೂ ತಳ್ಳಿದರು. ವ್ಯಾನು ಉರುಳುತ್ತಿರುವಾಗಲೇ ಮೇಡಂ ಗೇರು ಬೀಳಿಸಿದರು. ಅದು ಊರಿಗೆಲ್ಲ ಕೇಳುವ ಹಾಗೆ ಒಮ್ಮೆ ಹಲ್ಲು ಕಡಿದು ಹೊರಟಿತು. ಡಾಕ್ಟರು ಓಡೋಡಿ ಹಿಂದಿನ ಬಾಗಿಲಿನಿಂದ ಹತ್ತಿ, ಏದುಸಿರು ಬಿಡುತ್ತ ಮಾವನಿಗೆ ಫೋನ್ ಹಚ್ಚಿ ಮೇಡಂ ಕಿವಿಗೆ ಹಿಡಿದರು.

"ಅಪ್ಪಾ, ಸ್ಟೇಷನ್ ಮುಂದಿನ ಸರ್ಕಲ್ ಹತ್ರ ನಿಂತ್ಕೋ. ನಾವು ನಿಲ್ಲಿಸಲ್ಲ. ನಡೆಯೋಷ್ಟು ನಿಧಾನಕ್ಕೆ ಬರ್ತೀವಿ. ಹತ್ಕೋಬೇಕು."

ಮಾವ ರೈಲಿನಲ್ಲಿ ಗಾರ್ಡ್ ಆಗಿದ್ದವರು. ಜೀವನವಿಡೀ ಬಾವುಟ ಬೀಸಿ, ರೈಲು ಹೊರಟ ಮೇಲೆಯೇ ಕೊನೆಯ ಡಬ್ಬಿ ಹತ್ತಿದವರು. ಅವರು ಕೇಳಿದ್ದು ಇಷ್ಟೇ: "ಎಡಗಡೆ ಬಾಗಿಲಾ, ಬಲಗಡೆಯದಾ?"

ಡಾಕ್ಟರು ಎಡಬಾಗಿಲನ್ನು ಸರಿಸಿ, ಒಂದು ಕೈಯಲ್ಲಿ ಸೀಟು ಹಿಡಿದು, ಇನ್ನೊಂದು ಕೈಯನ್ನು ಹೊರಗೆ ಚಾಚಿ ಸಜ್ಜಾದರು. ಈ ಕೆಲಸವಾದರೂ ತಮ್ಮ ಕೈಯಿಂದ ಚೆನ್ನಾಗಿ ಆಗಬೇಕು. ಎಷ್ಟಾದರೂ ಎಳೆಯುವುದರಲ್ಲಿ ಪಳಗಿದ ಕೈ! ಮಸುಕು ಕನ್ನಡಕದಲ್ಲಿ ಸರ್ಕಲ್ ಕಂಡಿತು. ಅಂಚಿನಲ್ಲಿ ಬಿಳಿ ಕೂದಲು, ಕೈಚೀಲ, ಚಾಚಿದ ಕೈ.

"ಬನ್ನಿ ಮಾವ!" ಎಂದು ಗಟ್ಟಿಯಾಗಿ ಹಿಡಿದು ಒಂದೇ ಸಲಕ್ಕೆ ಎಳೆದುಕೊಂಡರು. ಅಂಥ ಸೊಗಸಾದ ಎಳೆತ ಕ್ಲಿನಿಕ್ಕಿನಲ್ಲೂ ಅಪರೂಪ.

"ಯಾರಪ್ಪಾ ನೀವು? ನಾನು ಬಸ್ಸಿಗೆ ಕೈ ಅಡ್ಡ ಹಿಡಿದಿದ್ದೆ!" ಅಂದರು ಒಳಗೆ ಬಂದು ಬಿದ್ದವರು.

ಹಿಂದೆ, ಸರ್ಕಲ್ಲಿನ ಅಂಚಿನಲ್ಲೇ, ಆ ಹಿರಿಯರ ಪಕ್ಕದಲ್ಲಿ ನಿಂತಿದ್ದ ಮಾವ, ಅಳಿಯ ಬೇರೆ ಯಾರನ್ನೋ ಪ್ರೀತಿಯಿಂದ ಕರೆದುಕೊಂಡು ಹೋಗುವುದನ್ನು ನೋಡುತ್ತಿದ್ದರು.

ಮತ್ತೊಂದು ಸುತ್ತು. ಅಪರಿಚಿತರ ಕ್ಷಮೆ ಕೇಳಿ, ವ್ಯಾನು ನಿಲ್ಲಿಸದೆಯೇ, ಕೈ ಹಿಡಿದು, ಅವರ ಬಸ್ಸಿನ ಪಕ್ಕದಲ್ಲೇ ಮೆಲ್ಲಗೆ ಇಳಿಸಿದ್ದಾಯಿತು. ಅವರು ಹೋಗುವಾಗ, "ಹೀಗೆ ಎಷ್ಟು ಜನರನ್ನ ಹಿಡಿದಿದ್ದೀರಿ ಇವತ್ತು?" ಎಂದು ಕೇಳಿಯೇ ಹೋದರು. ಈ ಸಲ ಡಾಕ್ಟರು ಇನ್ನೂ ಕೈ ಚಾಚುತ್ತಿರುವಾಗಲೇ ಮಾವ ವ್ಯಾನಿನ ಜೊತೆ ನಾಲ್ಕು ಹೆಜ್ಜೆ ಹಾಕಿ, ಬಾಗಿಲ ಹಿಡಿಕೆ ಹಿಡಿದು, ಎಲೆ ಹಾರಿ ಬಂದ ಹಾಗೆ ಒಳಗೆ ಬಂದರು. ಬಂದು, ಹೊರಗೆ ಬೀಳುವಂತಿದ್ದ ಅಳಿಯನ ಕೋಟಿನ ಕಾಲರ್ ಹಿಡಿದು ಒಳಗೆಳೆದರು. ತಮ್ಮ ಕಿಟಕಿಯ ಪಕ್ಕ ಕೂತರು.

ಸ್ವಲ್ಪ ದೂರ ಹೋದ ಮೇಲೆ ಗೇರು ಇನ್ನೊಮ್ಮೆ ಕರಕರ ಅಂದಿತು.

"ನಿಮ್ಮಮ್ಮನೂ ನನ್ನನ್ನ ಹೀಗೇ ಹತ್ತಿಸ್ಕೊಳ್ತಿದ್ದಳು," ಅಂದರು ಮಾವ, ಕಿಟಕಿಯ ಹೊರಗೆ ನೋಡುತ್ತ. "ಡ್ಯೂಟಿ ಮುಗಿಸಿ ಬಂದ್ರೆ ಸ್ಟೇಷನ್ ಮುಂದೆ ಸುತ್ತು ಹಾಕ್ತಾ ಇರೋಳು. ನಿಲ್ಲಿಸೇ ಅಂದ್ರೆ, ನೀವು ಗಾರ್ಡ್ ಅಲ್ವಾ, ಹತ್ತಿ ಅನ್ನೋಳು. ನಾನೇನೋ ಗೇಲಿ ಮಾಡ್ತಾಳೆ ಅಂದ್ಕೊಂಡಿದ್ದೆ. ಗಾಡೀಲೇ ಏನೋ ತೊಂದರೆ ಇತ್ತು ಅಂತ ಈಗ ಅನ್ನಿಸ್ತಿದೆ. ಹೇಳ್ಬಾರದಿತ್ತಾ!"

ಮೇಡಂ ಕನ್ನಡಿಯಲ್ಲಿ ಅಪ್ಪನ ಮುಖ ನೋಡಿ, ಮನೆಯ ತಿರುವಿಗೆ ತಿರುಗದೆ ಇನ್ನೊಂದು ಉದ್ದದ ಸುತ್ತು ಹಾಕಿದರು. ಕೆಟ್ಟ ಕ್ಲಚ್ಚಿನಿಂದ ಇಂಥ ಒಳ್ಳೆಯ ಕೆಲಸವಾಯಿತಲ್ಲ ಎಂದು ಡಾಕ್ಟರಿಗೆ ಹೆಮ್ಮೆಯಾಯಿತು. ಸ್ವಲ್ಪ ಹೊತ್ತಿನಲ್ಲೇ, ಕ್ಲಚ್ಚನ್ನು ಇಷ್ಟು ಚೆನ್ನಾಗಿ ಕೆಡಿಸಿದ್ದು ತಾವೇ ಎಂಬ ಭಾವನೆಯೂ ಬಲಿಯಿತು.

ಮನೆಗೆ ಬಂದು ಇಳಿದ ಮೇಲೆ ಮಾವ ಸೋಫಾದಲ್ಲಿ ಕೂತು ಎಡದವಡೆಗೆ ಅಂಗೈ ಒತ್ತಿಕೊಂಡರು. ಕೆನ್ನೆ ಊದಿತ್ತು. ಡಾಕ್ಟರ ಕಣ್ಣು ಮಿಂಚಿತು. ಕೊನೆಗೂ ತಮ್ಮ ಇಲಾಖೆ!

"ಹಲ್ಲು ನೋವಾ ಮಾವ? ಮೊದಲೇ ಹೇಳೋದಲ್ವಾ? ಬಾಯಿ ತೆರೀರಿ, ಒಂದೇ ನಿಮಿಷ, ಕಿತ್ತೇ ಹಾಕ್ತೀನಿ!"

ಮಾವ ಅಳಿಯನ ಮಸಿ ಕೈ ನೋಡಿದರು. ಮಸುಕು ಕನ್ನಡಕ ನೋಡಿದರು. ತುಟಿ ಬಿಗಿಯಾಗಿ ಮುಚ್ಚಿ, ಮಗಳ ಕಡೆ ತಿರುಗಿದರು.

"ಈ ಊರಲ್ಲಿ ಇನ್ನೊಬ್ಬರು ಹಲ್ಲಿನ ಡಾಕ್ಟರು ಇದಾರೇನಮ್ಮ?"

"ಮಾವ!"

"ಬೇಸರ ಮಾಡ್ಕೋಬೇಡಿ ಅಳಿಯಂದಿರೇ," ಅಂದರು ಮಾವ, ತುಂಬ ವಾತ್ಸಲ್ಯದಿಂದ. "ನನಗೆ ನೋಯ್ತಿರೋದು ಒಂದೇ ಹಲ್ಲು. ಅದರ ಪಕ್ಕದ್ದು ಚೆನ್ನಾಗಿದೆ."