ಅಮ್ಮನ ಊಟ, ನನ್ನ ಇದ್ದಲು

ಓದಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದ ಜಾತಿ ನನ್ನದು. ಯಾರಿಗಾದರೂ ಹೇಳದಿದ್ದರೆ ನಿದ್ದೆ ಬರುವುದಿಲ್ಲ. ಬೇಲೂರಿನ ಕಚೇರಿಯಲ್ಲಿ ಗುಮಾಸ್ತನಾದರೂ ಬಸ್ತಿಹಳ್ಳಿಯ ನಮ್ಮ ಹಿತ್ತಿಲ ಹುರುಳಿಕಾಯಿ, ಟೊಮ್ಯಾಟೊಗಳ ಮಟ್ಟಿಗೆ ನಾನೇ ವಿಜ್ಞಾನಿ. ತರಕಾರಿಗೆ ಯೂರಿಯಾ ಹಾಕಿ ನೀರು ಬಿಟ್ಟರೆ ಅದರಲ್ಲೊಂದು ಪಾಲು ನೈಟ್ರಸ್ ಆಕ್ಸೈಡ್ ಎಂಬ ಅನಿಲವಾಗಿ ಹಾರಿಹೋಗಿ ಭೂಮಿಯನ್ನು ಬಿಸಿ ಮಾಡುತ್ತದಂತೆ. ಬಯೋಚಾರ್, ಅಂದರೆ ಬೂದಿಯಾಗಲು ಬಿಡದೆ ಸುಟ್ಟ ಇದ್ದಲನ್ನು ಗೊಬ್ಬರದ ಜೊತೆ ಮಣ್ಣಿಗೆ ಬೆರೆಸಿದರೆ ಹಾಗೆ ಹಾರಿಹೋಗುವುದು ಕಡಿಮೆಯಾಗುತ್ತದೆ ಎಂದು ಓದಿದ ಮೇಲಂತೂ ನನ್ನನ್ನು ಹಿಡಿಯುವವರೇ ಇರಲಿಲ್ಲ. ಪಕ್ಕದ ಹೊಲದ ನಿಂಗಣ್ಣ ಮಾತ್ರ, "ಕಣ್ಣಿಗೆ ಕಾಣದ್ದು ಹೋದ್ರೆ ಹೋಗ್ಲಿ ಬಿಡಿ ಸಾರ್, ಗಿಡದಲ್ಲಿ ಕಾಯಿ ಐತಲ್ಲ" ಎಂದ.

ಭಾನುವಾರ ಗುಂಡಿ ತೋಡಿ, ಪಕ್ಕದಲ್ಲಿ ತೆಂಗಿನ ಮಟ್ಟೆ, ಜೋಳದ ದಂಟು ರಾಶಿ ಹಾಕಿದೆ. ನಮ್ಮದು ಜೈನರ ಮನೆ. ಅಮ್ಮ ಮಣೆ ಹಾಕಿಕೊಂಡು ಕೂತು, "ಒಂದು ಇರುವೆನೂ ಬೇಯಬಾರದು ಕಣೋ" ಎಂದು ಒಂದೊಂದು ದಂಟನ್ನೂ ಕೊಡವಿ ಕೊಡವಿ ಕೊಟ್ಟಳು. ಬೆಂಕಿ ಹಚ್ಚುವ ಹೊತ್ತಿಗೆ ಬಿಸಿಲು ಇಳಿದಿತ್ತು. ಸೂರ್ಯ ಬಸದಿಯ ಗೋಡೆಯ ಹಿಂದಕ್ಕೆ ಸರಿಯತೊಡಗಿದರೂ ನಡುವಿನ ಮಟ್ಟೆಗಳು ಇನ್ನೂ ಕಂದು ಬಣ್ಣದಲ್ಲೇ ಇದ್ದವು. ಸ್ವಲ್ಪ ಹೊತ್ತು ಬಿಟ್ಟಿದ್ದರೆ ಫಸ್ಟ್ ಕ್ಲಾಸ್ ಇದ್ದಲಾಗುತ್ತಿತ್ತು. ಆದರೆ ಹೊತ್ತು ಮುಳುಗಿದ ಮೇಲೆ ಅಮ್ಮ ತುತ್ತು ಮುಟ್ಟುವವಳಲ್ಲ.

"ನೀನು ಹೋಗಿ ಊಟ ಮಾಡಮ್ಮ" ಎಂದೆ.

"ಬೆಂಕಿ ಬೆಳಕಿಗೆ ಹುಳ ಬಂದು ಬೀಳ್ತವೆ, ಓಡಿಸೋರು ಬೇಡವಾ? ಒಂದು ಹೊತ್ತು ಉಪವಾಸ ಇದ್ರೆ ನನಗೇನೂ ಆಗಲ್ಲ. ನಿನ್ನ ಇದ್ದಲು ಕೆಡಬಾರದು" ಎಂದು ಸೆರಗು ಬೀಸುತ್ತ ಕೂತೇ ಇದ್ದಳು.

ನನಗೆ ಸಂಕಟವಾಯಿತು. ಹಿಂದೆಮುಂದೆ ನೋಡದೆ ಕೊಡಗಟ್ಟಲೆ ನೀರು ಸುರಿದೆ. ಅಮ್ಮ ಬೆಳಕಿರುವಾಗಲೇ ಉಂಡಳು. ಗುಂಡಿಯಲ್ಲಿ ಅರ್ಧ ಇದ್ದಲು, ಅರ್ಧ ಕೊಳ್ಳಿ ಉಳಿಯಿತು.

ಮರುದಿನ ಬೇಲಿಯ ಬಳಿ ನಿಂಗಣ್ಣನಿಗೆ, "ಅಮ್ಮ ಕೊಡವುತ್ತ ಕೂತದ್ದಕ್ಕೆ ತಡವಾಯ್ತು. ಮುಂದಿನ ವಾರ ನೋಡು" ಎನ್ನುತ್ತಿದ್ದೆ. ಬಟ್ಟೆ ಒಣಹಾಕುತ್ತಿದ್ದ ಹೆಂಡತಿ ತಿರುಗಿದಳು.

"ಅತ್ತೆ ಕೊಡವೋದನ್ನ ತಿಂಡಿ ಹೊತ್ತಿಗೇ ಮುಗ್ಸಿದ್ರು ಕಣ್ರೀ. ಆಮೇಲೆ ಬೆಂಕಿ ಹಚ್ಚದೆ ನಿಂಗಣ್ಣಂಗೆ ಪಾಠ ಮಾಡ್ತಾ ನಿಂತಿದ್ದು ನೀವು."

ನಿಂಗಣ್ಣ ಹೌದೆಂದು ನಿಧಾನವಾಗಿ ತಲೆಯಾಡಿಸಿದ.

"ಮುಂದಿನ ವಾರ ಇದ್ದಲು ಸರಿಯಾಗಿ ಬಂದ್ರೆ ನನಗೂ ಒಂದು ಬೊಗಸೆ ಇಡಿ" ಎಂದಳು ಹೆಂಡತಿ.

"ಯಾವ ಗಿಡಕ್ಕೆ?"

"ಗಿಡಕ್ಕಲ್ಲ, ನಿಮ್ಮ ಬಾಯಿಗೆ. ಸುಮ್ಮನೆ ಹಾರಿಹೋಗೋದನ್ನ ತಡೆಯುತ್ತೆ ಅಂದ್ರಲ್ಲ."

ನಾನು ಬೇಸರಪಟ್ಟುಕೊಳ್ಳಲಿಲ್ಲ. ಇಡೀ ಊರಿನಲ್ಲಿ ಬಯೋಚಾರಿನ ಶಕ್ತಿಯನ್ನು ಇಷ್ಟು ಗಾಢವಾಗಿ ನಂಬಿದವರು ಇದುವರೆಗೆ ಅವಳೊಬ್ಬಳೇ.