ಕಲ್ಲು ಆರಿಸುವ ವರ

ಬಾಯಿತುಂಬ ಹಲ್ಲುಪುಡಿಯ ನೊರೆ ಇಟ್ಟುಕೊಂಡು ಸಾತವ್ವನ ಪ್ರಶ್ನೆಗೆ ಉತ್ತರ ಕೊಡಬಾರದಿತ್ತು. ಅಮಿತ ಕೊಟ್ಟ.

"ಹಡಗದಾಗ ಏನ್ ಕೆಲಸ ಮಾಡ್ತೀಯೋ ತಮ್ಮಾ?" ಎಂದು ಪಕ್ಕದ ಮನೆಯ ಆಕೆ ಕಟ್ಟೆಯ ಮೇಲಿಂದ ಕೇಳಿದ್ದಳು.

"ಸಮುದ್ರದ ತಳದಾಗಿನ ಕಲ್ಲು ಆರಸ್ತೀವಿ ಕಾಕೂ."

ಹೇಳಬೇಕಾದದ್ದು ಇನ್ನೂ ಬಹಳ ಇತ್ತು. ಐದು ಕಿಲೋಮೀಟರ್ ಆಳದಲ್ಲಿ, ಬಿಸಿಲು ಎಂದೂ ಇಳಿಯದ ಕತ್ತಲಲ್ಲಿ, ಬಟಾಟೆಯಂಥ ಕರಿ ಉಂಡೆಗಳು ಹರಡಿಕೊಂಡಿರುತ್ತವೆ. ಒಳಗೆ ನಿಕಲ್, ಕೋಬಾಲ್ಟ್, ಮ್ಯಾಂಗನೀಸ್. ಟ್ರ್ಯಾಕ್ಟರಿನಷ್ಟು ದೊಡ್ಡ ಯಂತ್ರವೊಂದು ತಳದ ಕೆಸರಿನ ಮೇಲೆ ತೆವಳಿ ಅವನ್ನು ಬಾಚಿಕೊಳ್ಳುತ್ತದೆ, ಪಂಪು ಅವನ್ನು ಉದ್ದನೆಯ ಕೊಳವೆಯಲ್ಲಿ ಮೇಲಕ್ಕೆ ತಳ್ಳುತ್ತದೆ. ಎಲ್ಲ ಇನ್ನೂ ಪರೀಕ್ಷೆಯ ಹಂತ. ಚೆನ್ನೈಯಿಂದ ಹೊರಡುವ ಹಡಗಿನ ತಂಪು ಕೋಣೆಯಲ್ಲಿ ಕೂತು, ಪರದೆ ನೋಡುತ್ತ ಆ ಯಂತ್ರವನ್ನು ನಡೆಸುವವನು ಅಮಿತ. ಆದರೆ ಇಷ್ಟನ್ನೆಲ್ಲ ಬ್ರಶ್ ಕಚ್ಚಿಕೊಂಡು ಹೇಳಲಾದೀತೆ?

ಸಾತವ್ವನ ಕಿವಿಗೆ ಬಿದ್ದದ್ದು 'ಕಲ್ಲು ಆರಸ್ತೀವಿ' ಅಷ್ಟೇ. ಅವನು ಮುಖ ಒರೆಸಿಕೊಳ್ಳುವುದರೊಳಗೆ, ಪಾಪ, ರುಕ್ಮವ್ವನ ಮಗ ಪರದೇಶದಲ್ಲಿ ಕಲ್ಲು ಹೊರುವ ಕೂಲಿ ಮಾಡುತ್ತಾನಂತೆ ಎಂದು ಬನಹಟ್ಟಿಯ ಆ ಓಣಿಗೆಲ್ಲ ಗೊತ್ತಾಗಿತ್ತು. ಅದೂ ಅವತ್ತೇ ರಬಕವಿಗೆ ಕನ್ಯೆ ನೋಡಲು ಹೋಗುವುದಿತ್ತು.

"ಡಿಪ್ಲೊಮಾ ಓದಿಸಿದ್ದು ಕಲ್ಲು ಆರಸಾಕೇನೋ?" ಎಂದು ತಾಯಿ ರುಕ್ಮವ್ವ ಕಣ್ಣಿಗೆ ಸೆರಗು ಹಚ್ಚಿದಳು. ಹಡಗಿನವನಿಗೆ ಹೆಣ್ಣು ಕೊಡುವುದಿಲ್ಲ ಎಂದು ಹೇಳಿದ ಮನೆಗಳ ಲೆಕ್ಕವನ್ನು ಆಕೆ ಎಂದೋ ಬಿಟ್ಟಿದ್ದಳು. ಅಮಿತನ ತಲೆಗೂದಲು ಮಾತ್ರ ಆ ಲೆಕ್ಕ ಇಟ್ಟುಕೊಂಡಂತೆ ವರ್ಷವರ್ಷಕ್ಕೆ ಹಿಂದೆ ಸರಿಯುತ್ತಿತ್ತು.

ಸಂಬಂಧ ತಂದಿದ್ದ ಗುರುಪಾದನಿಗೂ ಸುದ್ದಿ ಮುಟ್ಟಿತ್ತು. ಬಂದವನೇ, "ನಾ ಸಂಭಾಳಸ್ತೀನಿ. ನೀ ಅಲ್ಲಿ ಬಾಯಿ ತೆಗೀಬ್ಯಾಡ," ಎಂದ.

ರಬಕವಿಯ ವಿಠೋಬಾ ಪವರ್‌ಲೂಮ್ ಮಗ್ಗಗಳ ಮಾಲೀಕ. ಮಗ್ಗದ ಸದ್ದಿನಲ್ಲಿ ಬೆಳೆದದ್ದಕ್ಕೋ ಏನೋ, ಎದುರಿಗೆ ಕೂತವರ ಜೊತೆಗೂ ಹೊಳೆಯಾಚೆ ದಂಡೆಯವರನ್ನು ಕರೆದಂತೆ ಮಾತಾಡುತ್ತಿದ್ದ. ಮಗಳು ಕಾಂಚನಾ ಚಹಾ ಕೊಟ್ಟು, ಅಮಿತನನ್ನು ನೇರವಾಗಿ ನೋಡಿ, ಸಣ್ಣಗೆ ನಕ್ಕು ಒಳಗೆ ಹೋದಳು. ಅಮಿತನಿಗೆ ಚಹಾ ಬಿಸಿಯಿತ್ತೋ ತಣ್ಣಗಿತ್ತೋ ತಿಳಿಯಲಿಲ್ಲ.

"ಹುಡುಗ ಹಡಗದಾಗ ಏನ್ ಕೆಲಸ ಮಾಡ್ತಾನ?" ವಿಠೋಬಾ ಕೇಳಿದ.

"ಸಮುದ್ರದ ತಳದಾಗ ಏನ್ ಬಿದ್ದಿದ್ರೂ ತಗದ ಕೊಡ್ತಾನ್ರಿ," ಎಂದ ಗುರುಪಾದ.

ವಿಠೋಬಾ ಚಹಾದ ಬಸಿ ಕೆಳಗಿಟ್ಟ. "ಏನ್ ಬಿದ್ದಿದ್ರೂ? ಹಿತ್ತಲ ಬಾವ್ಯಾಗ ನಿನ್ನಿ ನಮ್ಮ ಮೋಟರ್ ಹಗ್ಗ ಹರದು ಬಿದ್ದೈತಿ."

"ಸಮುದ್ರದಾಗ ಮಷೀನ್ ತಗೀತೈತ್ರಿ, ನಾ ಅಲ್ಲ," ಎಂದು ಅಮಿತ ಬಾಯಿ ತೆಗೆದ.

"ಮಷೀನ್ ನಡಸಾವ ನೀನ ಹೌದಲ್ಲೋ? ಐದು ಕಿಲೋಮೀಟರ್ ಆಳದ ಮುಂದ ಈ ಬಾವಿ ಏನು, ಒಂದ್ ಚರಗಿ," ಎಂದು ಗುರುಪಾದ ಅವನನ್ನು ಎಬ್ಬಿಸಿಯೇ ಬಿಟ್ಟ.

ಬಾವಿಯ ಸುತ್ತ ಆಗಲೇ ನೆರೆಹೊರೆಯವರು ನೆರೆದಿದ್ದರು. ಬಿದ್ದ ಕೊಡ ತೆಗೆಯುವ ಕಬ್ಬಿಣದ ಕೊಕ್ಕೆಗೆ ಹಗ್ಗ ಕಟ್ಟಿ ಅಮಿತನ ಕೈಗೆ ಕೊಟ್ಟರು. ಮೊದಲು ಬಂದದ್ದು ತೂತುಬಿದ್ದ ಬಕೆಟ್ಟು. ಆಮೇಲೆ ಒಂದು ಚಪ್ಪಲಿ. ಮೂರನೆಯ ಸಲ ಬಂದ ಹಿತ್ತಾಳೆಯ ತಂಬಿಗೆ ತಮ್ಮದೆಂದು ಇಬ್ಬರು ಹೆಂಗಸರು ಜಗಳಕ್ಕೆ ನಿಂತರು. ಕೊನೆಗೆ ಕೊಕ್ಕೆ ಏನೋ ಭಾರವಾದದ್ದನ್ನು ಕಚ್ಚಿತು.

"ಮೋಟರ್ ಸಿಕ್ತು, ಜಗ್ಗು," ಎಂದರು ಎಲ್ಲರೂ.

ಅಮಿತ ಜಗ್ಗಿದ. ಮೋಟರೂ ಜಗ್ಗಿತು. ಇಬ್ಬರಲ್ಲಿ ಮೋಟರೇ ಗಟ್ಟಿಯಿತ್ತು. ಹೊಸ ಬಿಳಿ ಅಂಗಿಯ ವರ, ದಂಡೆಯ ಪಾಚಿಯ ಮೇಲೆ ಜಾರಿ, ಹೆಚ್ಚು ಸದ್ದಿಲ್ಲದೆ ಬಾವಿಯೊಳಗೆ ಇಳಿದುಹೋದ. ಅವನಿಗೆ ಈಜು ಬರುತ್ತಿರಲಿಲ್ಲ. ಅದು ಉಳಿದವರಿಗೆ ತಿಳಿಯುವುದರೊಳಗೆ ಅವನು ಬಾವಿಯ ನೀರಿನ ರುಚಿ ಸಾಕಷ್ಟು ನೋಡಿದ್ದ. ಮಗ್ಗದ ಆಳೊಬ್ಬ ಹಾರಿ ಅವನ ನಡುವಿಗೆ ಹಗ್ಗ ಕಟ್ಟಿದ, ಉಳಿದವರು ಮೇಲಕ್ಕೆ ಎಳೆದರು.

"ಈಜಾಕ ಬರಂಗಿಲ್ಲೇನು?" ವಿಠೋಬಾ ಕೇಳಿದ.

"ಹಡಗದಾಗ ಜಾಕೀಟ್ ಕೊಡ್ತಾರ್ರಿ. ಹಾಕ್ಕೊಂಡ್ರ ತೇಲ್ತೀನಿ."

ವಿಠೋಬಾ ಬಾವಿಯೊಳಗೆ ಬಗ್ಗಿ ನೋಡಿದ. ಆಮೇಲೆ, "ಬಾವ್ಯಾಗ ಮುಳಗಾವ್ನ ಸಮುದ್ರಕ್ಕ ಕಳಿಸಿ, ನನ್ನ ಮಗಳು ದಿನಾ ದಾರಿ ನೋಡ್ಕೋತ ಕುಂದ್ರಬೇಕೇನು?" ಎಂದ. ಅವನ ದನಿ ಅವತ್ತು ಮೊದಲ ಸಲ ಮೆತ್ತಗಾಗಿತ್ತು.

ಅಷ್ಟರಲ್ಲಿ ಕಾಂಚನಾ ಟವೆಲ್ಲು ತಂದಳು. "ತಲಿ ಒರಸ್ಕೋರಿ, ಥಂಡಿ ಆದೀತು," ಎಂದಳು. ವರ್ಷಗಟ್ಟಲೆ ಹುಡುಗಿಯರ ಫೋಟೋಗಳನ್ನಷ್ಟೇ ನೋಡಿದ್ದವನಿಗೆ ಆ ಮಾತು ಎದೆಗೇ ಇಳಿಯಿತು.

ವಿಠೋಬಾ ಅದನ್ನು ನೋಡಿದ. "ಹುಡುಗ ಕೆಟ್ಟಾವ ಅಲ್ಲ. ಆ ಕೆಲಸ ಬಿಟ್ರ ಇವತ್ತ ಮಾತು ಮುಗಸೂಣು. ನಮ್ಮ ಮಗ್ಗ ನೋಡ್ಕೊಂಡು ಇಲ್ಲೇ ಇರಲಿ."

"ಬಿಡೋ ತಮ್ಮಾ, ನಂದೂ ಜೀವಕ್ಕ ನೆಮ್ಮದಿ ಆಗ್ತೈತಿ," ಎಂದು ರುಕ್ಮವ್ವ ಅಂಗಲಾಚಿದಳು. ಗುರುಪಾದ ಆಕೆಯ ಚೀಲದಿಂದ ಅಮಿತನ ಮೊಬೈಲ್ ತೆಗೆದು ಅವನ ಒದ್ದೆ ಕೈಯಲ್ಲಿಟ್ಟ.

ಅಮಿತ ಬೇವಿನ ಗಿಡದ ಕೆಳಗೆ ಹೋಗಿ ಚೆನ್ನೈಗೆ ಫೋನು ಹಚ್ಚಿ, ಕೆಲಸ ಬಿಡುತ್ತೇನೆ ಎಂದ. ಸಾಹೇಬರು ಬೈಯುತ್ತಾರೆ, ಬೇಡಿಕೊಳ್ಳುತ್ತಾರೆ, ಯಂತ್ರ ನಡೆಸುವವರು ಯಾರೆಂದು ಕೇಳುತ್ತಾರೆ ಎಂದುಕೊಂಡಿದ್ದ. ಅವರು ಕೇಳಲಿಲ್ಲ. ಮಹಾಲಿಂಗಪುರದ ತರಬೇತಿ ಹುಡುಗನೊಬ್ಬ ಬಹಳ ದಿನದಿಂದ ಕಾದಿದ್ದಾನೆ, ಈಗಲೇ ಅವನಿಗೆ ತಿಳಿಸುತ್ತೇನೆ ಎಂದು, ಶುಭ ಕೋರಿ ಫೋನು ಇಟ್ಟರು. ಅಷ್ಟು ವರ್ಷ ಅವನು ಕತ್ತಲಲ್ಲಿ ನಡೆಸಿದ ಯಂತ್ರ, ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಇನ್ನೊಬ್ಬನದಾಯಿತು. ಆದರೂ ಪಡಸಾಲೆಗೆ ಬಂದು, "ಬಿಟ್ಟೆ. ನನ್ನ ಜಾಗಾಕ್ಕ ಮಹಾಲಿಂಗಪುರದ ಹುಡುಗ ಹೋಗ್ತಾನಂತ," ಎಂದ.

ರುಕ್ಮವ್ವ ಕೈ ಮುಗಿದಳು. ವಿಠೋಬಾ ಸಕ್ಕರೆ ತರಲು ಒಳಗೆ ಕೂಗಿದ. ಕಾಂಚನಾ ಬರಿಗೈಯಲ್ಲಿ ಬಂದಳು.

"ಖರೆ ಬಿಟ್ರೇನ್ರಿ?"

"ಹೂಂ," ಎಂದ ಅಮಿತ, ನಗಲು ಯತ್ನಿಸುತ್ತ.

"ಹಂಗಾರ ನಂಗ ಬ್ಯಾಡ ಅಪ್ಪಾ," ಎಂದಳು ಕಾಂಚನಾ.

ಪಡಸಾಲೆ ಕರೆಂಟು ಹೋದ ಮಗ್ಗದ ಮನೆಯಂತೆ ಗಪ್ಪಾಯಿತು.

ಆಕೆ ಅಮಿತನ ಕಡೆಗೇ ತಿರುಗಿದಳು. "ವರ್ಷದಾಗ ಒಂಬತ್ತು ತಿಂಗಳು ನೀವು ಸಮುದ್ರದಾಗ ಇರ್ತೀರಿ ಅಂತ ಗುರುಪಾದ ಕಾಕಾ ಹೇಳಿದ್ರು. ಅದನ್ನ ಕೇಳೇ ನಾ ಹೂಂ ಅಂದಿದ್ನಿ. ನಾ ಸೀರಿ ಡಿಸೈನ್ ಮಾಡ್ತೀನ್ರಿ, ಕಂಪ್ಯೂಟರ್ ಮುಂದ ಕುಂತ್ರ ಊಟದ ಖಬರ ಇರಂಗಿಲ್ಲ. ನಮ್ಮಪ್ಪಗ ತಾಸಿಗೊಮ್ಮೆ ಚಹಾ ಮಾಡೋದ್ರಾಗ ನಮ್ಮವ್ವನ ಜನ್ಮ ಹೋಗೇತಿ. ನೀವು ಮನುಷ್ಯಾರು ಛಲೋ ಅದೀರಿ. ಆದ್ರ ದಿನಾ ಮನ್ಯಾಗ ಇರಾವ ಗಂಡ ನಂಗ ಆಗಿಬರಂಗಿಲ್ಲ."

ಅಮಿತ ಓಡಿಹೋಗಿ ಮತ್ತೆ ಫೋನು ಹಚ್ಚಿದ. ಹೊಸಬನಿಗೆ ಟಿಕೆಟ್ಟು ಸಹ ತೆಗೆಸಿಯಾಗಿದೆ ಎಂದರು ಸಾಹೇಬರು. ಮಗ್ಗದ ಕೆಲಸವಾದರೂ ಸಿಕ್ಕೀತೇ ಎಂದು ಅಮಿತ ವಿಠೋಬಾನ ಮುಖ ನೋಡಿದ.

"ಅದು ಅಳಿಯ ಆಗಾವ್ಗ ಅಂದಿದ್ನೆಪಾ," ಎಂದು ವಿಠೋಬಾ ನೆಲ ನೋಡಿದ.

ಮೂವರೂ ಬನಹಟ್ಟಿಗೆ ಹೊರಟ ರಿಕ್ಷಾ ಹತ್ತಿದರು. ಅಮಿತನ ಅಂಗಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ತನ್ನ ಹೆಗಲ ಮೇಲೆ ಗುರುಪಾದ ಕೈ ಇಟ್ಟಾಗ, ಸಮಾಧಾನ ಹೇಳುತ್ತಾನೆಂದು ಅಮಿತ ಅಂದುಕೊಂಡ.

"ತಮ್ಮಾ," ಎಂದ ಗುರುಪಾದ ಮೆಲ್ಲಗೆ, "ಆ ಮಹಾಲಿಂಗಪುರದ ಹುಡುಗಗ ಲಗ್ನ ಆಗೇತೇನು?"

"ಇಲ್ಲ," ಎಂದ ಅಮಿತ.

"ಅವನ ನಂಬರ್ ಇದ್ರ ಕೊಡು."

ಅಮಿತ ಒದ್ದೆ ಬೆರಳಿನಿಂದ ಹುಡುಕಿ ಕೊಟ್ಟ.